ಐದು ಪಟ್ಟಿನಿಂದ ಒಂದೂವರೆಗೆ

ಚಿಂಪಾಂಜಿಗೆ ಮನುಷ್ಯನ ಐದು ಪಟ್ಟು ಬಲ ಎಂಬ ಮಾತು ಟಿ.ವಿ.ಯಿಂದ ಮಕ್ಕಳ ಪುಸ್ತಕದವರೆಗೆ ಓಡಾಡುತ್ತಲೇ ಇದೆ. ಸ್ನಾಯುಗಳ ಅಧ್ಯಯನದಲ್ಲೇ ತಲೆ ನರೆತ ನಮ್ಮಂಥವರಿಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ. ಆ ಲೆಕ್ಕಕ್ಕೆ ನೂರು ವರ್ಷ ಆಯಿತು; ಅದನ್ನು ಅಲ್ಲಗಳೆದ ಪ್ರಯೋಗಕ್ಕೂ ಎಂಬತ್ತು ದಾಟಿತು.

1920ರ ದಶಕದಲ್ಲಿ ಜಾನ್ ಬೌಮನ್ ಎಂಬ ಸಂಶೋಧಕ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಚಿಂಪಾಂಜಿಗಳಿಂದ, ಎಳೆತದ ಬಲ ಅಳೆಯುವ ಡೈನಮೋಮೀಟರ್‌ನ ಹಗ್ಗ ಎಳೆಸಿದ. ಸುಝೆಟ್ ಎಂಬ ಹೆಣ್ಣು 1,260 ಪೌಂಡ್ ಎಳೆಯಿತಂತೆ. ಬೋಮಾ ಎಂಬ ಗಂಡು ಒಂದೇ ಕೈಯಲ್ಲಿ 847. ಎದುರಿಗಿಟ್ಟಿದ್ದು ಕಾಲೇಜು ಹುಡುಗರ ಅಂಕಿಗಳನ್ನು; ಐದು ಪಟ್ಟಿನ ಲೆಕ್ಕ ಹುಟ್ಟಿದ್ದು ಹೀಗೆ. 1943ರಲ್ಲಿ ಗ್ಲೆನ್ ಫಿಂಚ್ ಫ್ಲಾರಿಡಾದ ಯರ್ಕ್ಸ್ ವಾನರ ಪ್ರಯೋಗಾಲಯದಲ್ಲಿ ತಾಳ್ಮೆಯಿಂದ ಅಳೆದಾಗ ಚಿಂಪಾಂಜಿಗಳು ವಯಸ್ಕ ಗಂಡಸರಿಗಿಂತ ಹೆಚ್ಚೇನೂ ಎಳೆಯಲಿಲ್ಲ. ಮೈತೂಕಕ್ಕೆ ಹೋಲಿಸಿದಾಗ ಮಾತ್ರ ಅವು ಮುಂದು. ಫಿಂಚ್‌ನನ್ನು ಓದಿದವರು ಕಡಿಮೆ, ಸುಝೆಟ್ ದಂತಕತೆಯಾದಳು.

ನಡುವಿನ ದಶಕಗಳಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. 2004ರಲ್ಲಿ ದವಡೆಯ ಸ್ನಾಯುವಿಗೆ ಸೇರಿದ ಎಂವೈಎಚ್16 ಜೀನ್ ಮನುಷ್ಯನಲ್ಲಿ ಕೆಟ್ಟಿದೆ ಎಂದು ತಿಳಿದಾಗ ಪತ್ರಿಕೆಗಳು ಅದನ್ನು ತೋಳಿಗೂ ತಗುಲಿಹಾಕಿದವು. 2009ರಲ್ಲಿ ವಿಜ್ಞಾನಿ ಆ್ಯಲನ್ ವಾಕರ್, ಮನುಷ್ಯನ ನರಗಳು ಸ್ನಾಯುವನ್ನು ನಾಜೂಕಾಗಿ ಅಳೆದಳೆದು ಬಳಸುತ್ತವೆ, ವಾನರನದ್ದು ಒಮ್ಮೆಲೇ ಸುರಿಯುವ ಬಲ ಎಂದ. ಸೊಗಸಾದ ಊಹೆ, ಪುರಾವೆ ಮಾತ್ರ ತೆಳು.

ನನ್ನ ಮಟ್ಟಿಗೆ ನಿಜವಾದ ತಿರುವು 2017ರಲ್ಲಿ ಮ್ಯಾಥ್ಯೂ ಒ'ನೀಲ್ ಮತ್ತು ಸಂಗಡಿಗರ ಕೆಲಸ. ಅವರು ಹಗ್ಗ ಬಿಟ್ಟು ಎಳೆಗೆ ಇಳಿದರು. ಸ್ನಾಯುವಿನ ಒಂದೊಂದೇ ತಂತುವನ್ನು ಬಿಡಿಸಿ ಕುಗ್ಗಿಸಿ ನೋಡಿದರೆ, ಒಂದೇ ಬಗೆಯ ತಂತು ಚಿಂಪಾಂಜಿಯಲ್ಲೂ ಮನುಷ್ಯನಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ದುಡಿಯುತ್ತದೆ. ವಾನರನಿಗೆಂದೇ ಮಾಯದ ಮಾಂಸ ಯಾವುದೂ ಇಲ್ಲ! ವ್ಯತ್ಯಾಸ ಇರುವುದು ಪಾಲಿನಲ್ಲಿ. ಚಿಂಪಾಂಜಿಯಲ್ಲಿ ಸುಮಾರು ಶೇಕಡಾ 67 ವೇಗದ ತಂತು. ಮನುಷ್ಯನ ಕಾಲಿನಲ್ಲಿ ಸುಮಾರು ಶೇಕಡಾ 70 ನಿಧಾನದ್ದು. ಚಿಂಪಾಂಜಿಯ ತಂತು ಉದ್ದವೂ ಹೌದು. ಇಷ್ಟನ್ನೂ ಕಂಪ್ಯೂಟರ್ ಮಾದರಿಗೆ ಹಾಕಿದಾಗ ಸಿಕ್ಕಿದ್ದು ಅಷ್ಟೇ ಗಾತ್ರದ ಮನುಷ್ಯನ ಸ್ನಾಯುವಿನ 1.35 ಪಟ್ಟು ಬಲ. ಹಳೆಯ ಎಳೆತ, ಜಿಗಿತದ ಪ್ರಯೋಗಗಳನ್ನು ಮೈತೂಕಕ್ಕೆ ಹೊಂದಿಸಿದ ಸರಾಸರಿಯೂ ಒಂದೂವರೆಯ ಆಸುಪಾಸು.

ಹಾಗಾದರೆ ನಿಧಾನದ ತಂತು ತುಂಬಿಕೊಂಡ ವಿಚಿತ್ರ ಪ್ರಾಣಿ ನಾವೇ. 2007ರಲ್ಲಿ ಸೊಕೋಲ್, ರೈಕ್ಲೆನ್, ಪಾಂಟ್ಜರ್ ತೋರಿಸಿದಂತೆ, ಮನುಷ್ಯನ ನಡಿಗೆಗೆ ಚಿಂಪಾಂಜಿಯ ನಡಿಗೆಯ ಕಾಲು ಭಾಗದಷ್ಟೇ ಶಕ್ತಿ ಸಾಕು. ನಿಧಾನದ ತಂತು ಕಡಿಮೆ ಉಣ್ಣುತ್ತದೆ, ಬೇಗ ದಣಿಯುವುದಿಲ್ಲ. ಆದರೂ ಈ ಕ್ಷೇತ್ರ ಚಿಂಪಾಂಜಿ ಎಳೆದದ್ದನ್ನು ಬರೆದಿಟ್ಟಿತೇ ಹೊರತು ಎಷ್ಟು ಹೊತ್ತು ಎಳೆಯಿತು ಎಂದು ಕೇಳುವ ಗೋಜಿಗೆ ಹೋಗಿದ್ದು ಕಡಿಮೆ.

2015ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಚಿಂಪಾಂಜಿಗಳ ಮೇಲಿನ ವೈದ್ಯಕೀಯ ಸಂಶೋಧನೆಗೆ ಬೆಂಬಲ ನಿಲ್ಲಿಸಿತು. ಸರಿಯಾದದ್ದೇ. ಹಾಗಾಗಿ ಆ ಪ್ರಶ್ನೆಗೆ ಇನ್ನು ತೆರೆದಿರುವುದು ಮನುಷ್ಯನ ಕಡೆಯ ಬಾಗಿಲು. ಬೌಮನ್‌ಗೆ ಕಾಲೇಜು ಹುಡುಗರು, ಫಿಂಚ್‌ಗೆ ವಯಸ್ಕ ಗಂಡಸರು. ದಿನವಿಡೀ ಗೋಣಿ ಹೊರುವ ಹಮಾಲರನ್ನಾಗಲಿ, ಹೊಲದಲ್ಲಿ ಬಗ್ಗಿ ದುಡಿಯುವ ಹೆಂಗಸರನ್ನಾಗಲಿ ಸುಝೆಟ್‌ಳ ಎದುರಿಗೆ ನಿಲ್ಲಿಸಲು ಅವರಿಬ್ಬರಿಗೂ ತೋಚಲಿಲ್ಲ.