ಆಂಗ್ಲರ ನಲಿವಿನ ನುಡಿಗಳು

‘ಬೇವುಲ್ಫ್’ ಎಂಬ ಪ್ರಾಚೀನ ಆಂಗ್ಲಕಾವ್ಯದಲ್ಲಿ, ಕತ್ತಲೆಯಲ್ಲಿ ಒಂಟಿಯಾಗಿ ಅಲೆಯುವ ಗ್ರೆಂಡೆಲ್ ಎಂಬ ರಾಕ್ಷಸನನ್ನು ದಿನದಿನವೂ ಕುದಿಸುವುದು ಶತ್ರುವಿನ ಖಡ್ಗವಲ್ಲ, ಅರಸನ ಸಭಾಭವನದಿಂದ ಕೇಳಿಬರುವ ಹಾರ್ಪಿನ ನಾದ ಮತ್ತು ಗಾಯಕನ ಹಾಡು. ಆ ಸಂಭ್ರಮಕ್ಕೆ ಕವಿಯು ಬಳಸಿರುವ ಶಬ್ದದ ರೂಪವು ಇಂದು ಕನಸೆಂಬ ಅರ್ಥದಲ್ಲಿ ನಡೆಯುತ್ತಿರುವ ‘ಡ್ರೀಮ್’ ಎಂಬುದೇ. ಅಂದಿನ ನುಡಿಯಲ್ಲಿ ಅದಕ್ಕೆ ಹರ್ಷವೆಂದೂ ಗಾನವೆಂದೂ ಗದ್ದಲವೆಂದೂ ಅರ್ಥವಿದ್ದಿತು. ಆ ಜನರಿಗೆ ಸಂತೋಷವೆಂಬುದು ಕಿವಿಗೆ ಕೇಳಿಸುವ ವಸ್ತುವಾಗಿತ್ತು.

‘ಗ್ಲೀ’ ಎಂಬ ಮಾತಿನ ಚರಿತ್ರೆಯು ನನಗೆ ಇದಕ್ಕಿಂತಲೂ ಪ್ರಿಯವಾದುದು. ಆಟ, ವಾದ್ಯ, ವಿನೋದಗಳೆಲ್ಲವೂ ಅದರಲ್ಲಿ ಅಡಗಿದ್ದುವು. ಅವುಗಳಿಂದಲೇ ಹೊಟ್ಟೆಹೊರೆಯುವ ವೃತ್ತಿಗಾಯಕನು ‘ಗ್ಲೀಮನ್’ ಎನಿಸಿದನು. ಅವನ ಹಾರ್ಪಿಗೆ ‘ಗ್ಲೀಯ ಮರ’ವೆಂಬ ಸೊಗಸಾದ ಹೆಸರು ಸಂದಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದು, ಅರಮನೆಯ ಮಾತು ಫ್ರೆಂಚಾದ ಮೇಲೆ, ಗ್ಲೀಮನ್ನನ ಪೀಠದಲ್ಲಿ ಕಾಲಕ್ರಮದಿಂದ ‘ಮಿನ್‌ಸ್ಟ್ರೆಲ್’ ಎಂಬ ಹೊಸ ಹೆಸರು ಕುಳಿತಿತು. ‘ಗ್ಲೀ’ಯಾದರೋ ಮೆಲ್ಲಮೆಲ್ಲನೆ ಕ್ಷೀಣಿಸಿ, 1755ರಲ್ಲಿ ಡಾಕ್ಟರ್ ಜಾನ್ಸನ್ ತನ್ನ ಮಹಾಕೋಶವನ್ನು ಪ್ರಕಟಿಸುವ ವೇಳೆಗೆ, ಹಾಸ್ಯದಲ್ಲಿಯೋ ತಿರಸ್ಕಾರದಲ್ಲಿಯೋ ಅಲ್ಲದೆ ಬೇರೆಡೆ ಬಳಕೆಯಿಲ್ಲವೆಂದು ಅವನು ಗುರುತು ಹಾಕುವಷ್ಟು ದೈನ್ಯಕ್ಕಿಳಿದಿತ್ತು.

ಆದರೂ ಸಂಗೀತಗಾರರು ಅದನ್ನು ಕೈಬಿಟ್ಟಿರಲಿಲ್ಲ. ವಾದ್ಯದ ನೆರವಿಲ್ಲದೆ, ಮೂರು ಅಥವಾ ಅದಕ್ಕಿಂತ ಹೆಚ್ಚು ಕಂಠಗಳು ತಮ್ಮ ತಮ್ಮ ಸ್ವರಮಾರ್ಗವನ್ನು ಹಿಡಿದು ಒಂದನ್ನೊಂದು ಹೆಣೆದುಕೊಳ್ಳುವ ಹಾಡಿಗೆ ‘ಗ್ಲೀ’ ಎಂದೇ ಹೆಸರು. ಲಂಡನ್ನಿನಲ್ಲಿ 1761ರಲ್ಲಿ ಶ್ರೀಮಂತರ ‘ಕ್ಯಾಚ್ ಕ್ಲಬ್’, 1783ರಲ್ಲಿ ‘ಗ್ಲೀ ಕ್ಲಬ್’ ಹುಟ್ಟಿ, ಊಟ ಮುಗಿಸಿದ ಮಹನೀಯರು ಮೇಜಿನ ಸುತ್ತಲೂ ಕುಳಿತು ಸ್ಯಾಮ್ಯುಯೆಲ್ ವೆಬ್ ಮೊದಲಾದವರ ರಚನೆಗಳನ್ನು ಹಾಡತೊಡಗಿದರು. ಶತಮಾನಗಳ ಹಿಂದೆ ಪಾನಗೋಷ್ಠಿಯಲ್ಲಿ ಹಾರ್ಪಿನೊಡನೆ ಇದ್ದ ಶಬ್ದವು ಹೀಗೆ ಮತ್ತೆ ಔತಣದ ಮನೆಯಲ್ಲಿಯೇ ಮೆರೆಯಿತೆಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಕಿವಿಯಂತೆಯೇ ಕಣ್ಣೂ ಈ ಭಾಷೆಗೆ ನಲಿವಿನ ಮಾತುಗಳನ್ನು ಕೊಟ್ಟಿದೆ. ‘ಚಿಯರ್’ ಎಂದರೆ ಮೊದಲು ಮುಖವೆಂದಷ್ಟೇ ಅರ್ಥ; ಮುಖದಿಂದ ಮುಖಭಾವಕ್ಕೂ, ಅಲ್ಲಿಂದ ಉಲ್ಲಾಸಕ್ಕೂ ಅದು ನಡೆಯಿತು. ‘ಗ್ಲ್ಯಾಡ್’ ಎಂಬುದು ಮೊದಲು ಹೊಳೆಯುವುದು, ನುಣುಪಾದುದು. ತಿಳಿನೀರನ್ನೂ ತಿಳಿಮನಸ್ಸನ್ನೂ ‘ಪ್ರಸನ್ನ’ವೆಂಬ ಒಂದೇ ಪದದಿಂದ ಕರೆವ ನಮಗೆ ಈ ದಾರಿ ಅಪರಿಚಿತವಲ್ಲ.

ಇದಕ್ಕೆ ವಿಪರೀತವಾಗಿ, ಆನಂದದಿಂದ ಹೊರಟು ಹೊಳಪಿಗೆ ಬಂದಿಳಿದ ಮಾತು ‘ಗಾಡಿ’. ಹಳಗನ್ನಡದಲ್ಲಿಯೂ ‘ಗಾಡಿ’ಯೆಂದರೆ ಬೆಡಗು; ಆದರೆ ಇದು ಕೇವಲ ಧ್ವನಿಸಾಮ್ಯವೇ ಹೊರತು ರಕ್ತಸಂಬಂಧವಲ್ಲ. ಲ್ಯಾಟಿನ್ನಿನಲ್ಲಿ ‘ಗೌಡಿಯಮ್’ ಎಂದರೆ ಆನಂದ. ಜಪಸರದ ನಡುನಡುವಣ ದೊಡ್ಡ ಮಣಿಗಳನ್ನು ಇಂಗ್ಲಿಷಿನಲ್ಲಿ ‘ಗಾಡ್’ ಎಂದು ಕರೆದುದಕ್ಕೆ ವಿದ್ವಾಂಸರು ಬಹುಮಟ್ಟಿಗೆ ಈ ಮೂಲವನ್ನೇ ಹೇಳುತ್ತಾರೆ. ಚಾಸರ್ ಕವಿಯ ‘ಕ್ಯಾಂಟರ್‌ಬರಿ’ ಕಥೆಗಳ ಸಂನ್ಯಾಸಿನಿಯು ತೋಳಿಗೆ ಸುತ್ತಿಕೊಂಡ ಹವಳದ ಸರದಲ್ಲಿ ಆ ಮಣಿಗಳು ಹಸಿರು; ಅದರಿಂದ ತೂಗುವ ಪದಕವು ಚಿನ್ನದ್ದು. ಜಪವೂ ಒಡವೆಯೂ ಅಲ್ಲಿ ಒಂದೇ ತೋಳಿನ ಮೇಲಿವೆ. ಮುಂದೆ ‘ಗಾಡ್’ ಎಂಬುದು ಹೊರಮೆರುಗಿನ ಸಣ್ಣ ಒಡವೆಯಾಯಿತು. ‘ಗಾಡಿ’ಯೆಂದರೆ ಕಣ್ಣುಕುಕ್ಕುವ ಆಡಂಬರವಾಯಿತು. ಆಕ್ಸ್‌ಫರ್ಡಿನ ಕಾಲೇಜುಗಳಲ್ಲಾದರೋ, ಹಳೆಯ ವಿದ್ಯಾರ್ಥಿಗಳು ಮರಳಿ ಬಂದು ಒಂದೇ ಪಂಕ್ತಿಯಲ್ಲಿ ಕೂಡಿ ಉಣ್ಣುವ ಔತಣಕ್ಕೆ ಇಂದಿಗೂ ‘ಗಾಡಿ’ ಎಂದೇ ಹೆಸರು.