ಮಿರಜಿಗೆ ಮೊದಲ ಸಲ ಹೋದಾಗ

ನಮ್ಮ ಮಂಗಸೂಳ್ಯಾಗ ಯಾರಿಗರೆ ದೊಡ್ಡ ಜಡ್ಡಾತಂದ್ರ ಖಂಡೋಬಾನ ಭಂಡಾರ ಹಣಿಗೆ ಹಚ್ಚಿಕೊಂಡು ಮಿರಜಿ ಬಸ್ ಹತ್ತೂದು ಹಿಂದಿನಿಂದ ಬಂದದ್ದು. ಕೆನಡಾದಿಂದ ಬಂದ ವಾನ್ಲೆಸ್ ಅನ್ನೋ ಡಾಕ್ಟರು 1894ರಾಗ ಅಲ್ಲಿ ಮಿಶನ್ ದವಾಖಾನಿ ಚಾಲೂ ಮಾಡಿದ್ರು. ಆವಾಗಿಂದ ಈ ಸೀಮಿಗೆಲ್ಲಾ ಮಿರಜಿ ಅಂದ್ರ ದವಾಖಾನಿ ಊರು. ಸಿತಾರ ಮಾಡೂ ಊರೂ ಹೌದು, ಆದ್ರ ಸಿತಾರ ತರಾಕ ನಮ್ಮ ಮನ್ಯಾಗಿನವ್ರು ಯಾರೂ ಹೋಗಿಲ್ಲ ಬಿಡ್ರಿ.

ನಮ್ಮ ಆಯಿ ಮೊದಲ ಸಲ ಅಲ್ಲಿ ಒಬ್ಬ ಡಾಕ್ಟರ ಮುಂದ ಕುಂತಾಗ ಬಾಯಿನ ಬಿಡಲಿಲ್ಲಂತ. ಕೇಳಿದ್ದಕ್ಕೆಲ್ಲಾ ಮುತ್ಯಾನ ಉತ್ತರ ಕೊಟ್ಟ: "ತಲಿ ತಿರಗತೈತಂತ್ರಿ." ಯಾಕ ತಿರಗತಿತ್ತು ಅನ್ನೂದು ಮುತ್ಯಾಗ ಗೊತ್ತಿರಲಿಲ್ಲ. ಹೊರಗಾಗೂದು ನಿಂತು ನಾಕ ವರ್ಷ ಆದಮ್ಯಾಲೆ ಆಯಿಗೆ ಮತ್ತ ರಕ್ತ ಹೋಗಾಕ ಹತ್ತಿತ್ತು. ಗುಳಿಗಿ ಕಟ್ಟಿಸಿಕೊಂಡು ತಿರುಗಿ ಬಂದ್ರು. ನಮ್ಮವ್ವನ ಮುಂದ ಆಕಿ ಬಾಯಿ ಬಿಡೂದರಾಗ ವರ್ಷ ಕಳೀತು, ಒಳಗ ಗಂಟು ಬೆಳದಿತ್ತು.

ನಾಚಿಕಿ ನಮ್ಮೂರಿನದಷ್ಟ ಅಲ್ಲ. ಡಾಕ್ಟರು ಕೊಳ್ಳಾಗ ಹಾಕ್ಕೊಂತಾರಲ್ಲ, ಆ ಸ್ಟೆಥಾಸ್ಕೋಪು ಹುಟ್ಟಿದ್ದೂ ನಾಚಿಕಿಯಿಂದನ. 1816ರಾಗ ಪ್ಯಾರಿಸ್‌ನ ಲೆನೆಕ್ ಅನ್ನೋ ಡಾಕ್ಟರಿಗೆ, ವಯಸ್ಸಿನ ಹೆಣಮಗಳ ಎದಿಗೆ ಕಿವಿ ಹಚ್ಚಾಕ ಸಂಕೋಚಾತು. ಕಾಗದ ಸುತ್ತಿ ನಳಗಿ ಮಾಡಿ ಹಿಡದ್ರ, ಕಿವಿ ಹಚ್ಚಿದ್ದಕ್ಕಿಂತ ಚಲೋ ಕೇಳಿಸ್ತು!

ನನಗ ಹೆಚ್ಚ ಕಾಡೂದು ಆನಂದಿಬಾಯಿ ಜೋಶಿ. 1886ರಾಗ ಅಮೇರಿಕಾದಾಗ ಡಾಕ್ಟರಕಿ ಪಾಸಾಗಿ ಬಂದಾಕಿ. ಕೊಲ್ಲಾಪುರದ ದವಾಖಾನ್ಯಾಗ ಹೆಣಮಕ್ಕಳ ವಾರ್ಡು ಆಕಿ ಕೈಗೆ ಬರೂದಿತ್ತು, ನಮ್ಮೂರಿಗೆ ಎಷ್ಟು ಸಮೀಪ ನೋಡ್ರಿ. ಕೆಲಸಕ್ಕ ಕೂಡೂಕಿಂತ ಮೊದಲ, 1887ರಾಗ, ಕ್ಷಯದಿಂದ ಹೋದಳು. ಇಪ್ಪತ್ತೆರಡೂ ತುಂಬಿರಲಿಲ್ಲ.

ಹ್ವಾದ ತಿಂಗಳ ನಾ ವೈನಿಯವ್ರನ್ನ ಹೊಸಾ ಡಾಕ್ಟರ ಬಾಯಾರ ಕಡೆ ಕರಕೊಂಡು ಹೋಗಿದ್ದೆ. ಮೊದಲ ಕೇಸ್ ಪೇಪರು, ಆಮ್ಯಾಗ ತೂಕ, ಬಿಪಿ. ಒಳಗ ಹೋದ್ರ ಪ್ರಶ್ನಿಗಳ ಸುರಮಳಿ: ಕಡೀಕ ಹೊರಗಾಗಿದ್ದು ಯಾವಾಗ, ಹೆರಿಗಿ ಎಷ್ಟು, ಗರ್ಭ ಇಳದಿತ್ತೇನು, ಮನ್ಯಾಗ ಯಾರಿಗರೆ ಸಕ್ಕರಿ ಜಡ್ಡು, ಕ್ಯಾನ್ಸರು. ತಾರೀಖು ಕ್ಯಾಲೆಂಡರಿನ್ಯಾಗ ಗುರ್ತು ಹಾಕಿದ್ದು ಕೆಲಸಕ್ಕ ಬಂತು. ಗುಳಿಗಿ ಹೆಸರು ನೆನಪಿರಂಗಿಲ್ಲಂತ ಹಳೆ ಚೀಟಿ, ಖಾಲಿ ಪಾಕೀಟು ಎಲ್ಲಾ ಪಿಶಿವ್ಯಾಗ ತುಂಬಿಕೊಂಡು ಹೋಗಿದ್ವಿ. ತಪಾಸಣಿಗೆ ಮಲಗಬೇಕಾದ್ರ ಸಿಸ್ಟರ್ ಬಾಜೂಕ ನಿಂತಿದ್ರು. ನಿಲ್ಲದಿದ್ರ ನಾವ ಕೇಳಬೇಕ್ರಿ, ಏನೂ ತಪ್ಪಿಲ್ಲ.

ಇದಕ್ಕಿಂತ ಮೊದಲ ನಾ ಮಾಡಿದ್ದು ಒಂದ ಕೆಲಸ: "ಅಣ್ಣಾ, ನೀ ಹೊರಗ ಚಾ ಕುಡದು ಬಾ" ಅಂದೆ. ಅಂವ ಎದ್ದು ಹೋದಮ್ಯಾಲೆ ವೈನಿ ಹೇಳಿದ್ದು ನನಗೂ ಗೊತ್ತಿರಲಿಲ್ಲ.

ಬರುವಾಗ ಬಸ್ಸಿನ್ಯಾಗ ಕೇಳಿದ್ರು, "ಆಯಿಗೂ ಹಿಂಗ ಆಗಿತ್ತೇನ?"

"ಹೂಂ," ಅಂದೆ. "ಆದ್ರ ಆಕಿ ವರ್ಷ ತಡಾ ಮಾಡಿದ್ಲು, ನೀವು ಹದಿನೈದ ದಿನದಾಗ ಬಂದೀರಿ." ಸೋನೋಗ್ರಾಫಿ ಮಂಗಳವಾರ ಐತಿ.