ಆನೆಯ ಮೈಬಿಸಿಯ ಲೆಕ್ಕ

ವಿಜಯವಾಡದ ಬೇಸಿಗೆಯನ್ನು ಉಂಡವರಿಗೆ ಆ ಊರಿನ ಅಡ್ಡಹೆಸರು ತಮಾಷೆಯೆನಿಸದು. ಬೆಜವಾಡವನ್ನು ‘ಬ್ಲೇಜ್‌ವಾಡ’ ಎಂದು ಜನ ಹಂಗಿಸುವುದುಂಟು. ಅಲ್ಲಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಮೇಲೆ ಕಡಲಗಾಳಿ ನನ್ನನ್ನು ತುಸು ಸಂತೈಸಿದೆ. ಆದರೆ ವಿಜಯವಾಡ ಇನ್ನೊಂದು ಕಾರಣಕ್ಕೆ ನೆನಪಿನಲ್ಲಿ ನಿಂತಿದೆ. 2024ರ ಸೆಪ್ಟೆಂಬರ್ 27ರಂದು ಕರ್ನಾಟಕ ಮತ್ತು ಆಂಧ್ರಪ್ರದೇಶ ಸರ್ಕಾರಗಳು ಅಲ್ಲಿ ಆನೆಗಳ ವಿಷಯವಾಗಿ ಒಪ್ಪಂದ ಮಾಡಿಕೊಂಡವು. ಚಿತ್ತೂರು ಸೀಮೆಯ ಹೊಲಗಳಿಗೆ ನುಗ್ಗುವ ಕಾಡಾನೆಗಳನ್ನು ಹಿಮ್ಮೆಟ್ಟಿಸಲು ಕರ್ನಾಟಕದ ಕುಮ್ಕಿ ಆನೆಗಳು ಬೇಕಾಗಿದ್ದವು. 2025ರ ಮೇ 21ರಂದು ವಿಧಾನಸೌಧದ ಬಳಿ ನಾಲ್ಕು ಆನೆಗಳ ಹಸ್ತಾಂತರವಾಯಿತು. ನಮ್ಮಂತೆಯೇ ಅವೂ ಗಡಿ ದಾಟಿ ನೌಕರಿಗೆ ಹೊರಟವು. ಆ ಸುದ್ದಿಯನ್ನು ಓದಿದ ದಿನ ನನ್ನನ್ನು ಕಾಡಿದ ಪ್ರಶ್ನೆ ಸರಳವಾದುದು: ಇಷ್ಟು ದೊಡ್ಡ ಜೀವಕ್ಕೆ ಜ್ವರ ಬಂದರೆ, ಸೆಕೆ ತಾಳದೆ ಹೋದರೆ, ಯಾರಿಗೆ ಹೇಗೆ ತಿಳಿಯುತ್ತದೆ?

ಹಣೆ ಮುಟ್ಟಿ ತಿಳಿಯುವಂತಿಲ್ಲ. ಆನೆಯ ತೊಗಲು ಬಿಸಿಲಿನಲ್ಲಿ ಕಾಯುತ್ತದೆ, ನೆರಳಿನಲ್ಲಿ ತಣಿಯುತ್ತದೆ. ಒಳಗಿನ ಸಂಗತಿಯನ್ನು ಹೊರಗೆ ಹೇಳುವುದಿಲ್ಲ. ಕಾಲುಗುರುಗಳ ಆಸುಪಾಸನ್ನು ಬಿಟ್ಟರೆ ಅದು ಬೆವರುವುದೂ ಇಲ್ಲ. ಅಗಲವಾದ ಕಿವಿಗಳ ರಕ್ತನಾಳಗಳಿಂದ ಬಿಸಿಯನ್ನು ಗಾಳಿಗೆ ಬಿಡುವುದು, ನೀರು, ಕೆಸರು, ನೆರಳು ಇವೇ ಅದರ ಉಪಾಯಗಳು. ಆನೆಯನ್ನು ಸಾಕಿದವರು ಉಗುರಿನ ಮೇಲ್ಗಡೆಯ ತೇವವನ್ನು ಆರೋಗ್ಯದ ಗುರುತೆಂದು ನೋಡುತ್ತಿದ್ದುದು ಇದರಿಂದಲೇ.

ಈ ಅರಿವು ಬಹು ಹಳೆಯದು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಓಲೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆನೆಯ ದಿನಚರಿಯಿದೆ. ಹಗಲನ್ನು ಎಂಟು ಭಾಗ ಮಾಡಿ, ಮೊದಲನೆಯ ಮತ್ತು ಏಳನೆಯ ಭಾಗಗಳಲ್ಲಿ ಸ್ನಾನ ಮಾಡಿಸಬೇಕೆಂದು ಅದು ವಿಧಿಸುತ್ತದೆ. ಅದೇ ಗ್ರಂಥ ಆನೆಯನ್ನು ಹಿಡಿಯಲು ಬೇಸಿಗೆಯೇ ಕಾಲವೆಂದೂ ಹೇಳುತ್ತದೆ. ದಿನಕ್ಕೆರಡು ಬಾರಿ ಮೈ ತಣಿಸುವ ಕರುಣೆ, ಬಿಸಿಲುಗಾಲದಲ್ಲೇ ಬಲೆಬೀಸುವ ಲೆಕ್ಕಾಚಾರ, ಎರಡೂ ಒಂದೇ ಕೈಯವು. ನಮ್ಮ ಗಂಗ ದೊರೆ ಇಮ್ಮಡಿ ಶಿವಮಾರನೂ ಆನೆಗಳ ಮೇಲೆ ‘ಗಜಾಷ್ಟಕ’ವನ್ನು ರಚಿಸಿದನೆಂದು ಹೇಳುತ್ತಾರೆ, ಕೃತಿ ಮಾತ್ರ ನಮಗೆ ಉಳಿದುಬಂದಿಲ್ಲ.

ಅಂಕಿಯ ಕಾಲ ಬಂದದ್ದು ತಡವಾಗಿ. ಜರ್ಮನಿಯ ವುಂಡರ್‌ಲಿಷ್ 1868ರಲ್ಲಿ ಮನುಷ್ಯರ ಜ್ವರದ ಏರಿಳಿತಗಳ ಮೇಲೆ ತಮ್ಮ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಸರಿಸುಮಾರು ಆ ಹೊತ್ತಿಗೇ ಇಂಗ್ಲೆಂಡಿನಲ್ಲಿ ಆಲ್ಬಟ್ ಜೇಬಿನಲ್ಲಿಡಬಹುದಾದ ಥರ್ಮಾಮೀಟರನ್ನು ರೂಪಿಸಿದರು. ಮೈಸೂರು ಸಂಸ್ಥಾನದಲ್ಲಿ ಜಿ.ಪಿ. ಸ್ಯಾಂಡರ್‌ಸನ್ ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾ ನಡೆಸಿದ್ದು 1874ರಲ್ಲಿ. ನಾಲ್ಕು ವರ್ಷಗಳ ಬಳಿಕ ಬಂದ ಅವರ ಪುಸ್ತಕದಲ್ಲಿ ಆನೆ ನೆರಳಿನ ಪ್ರಾಣಿ, ಬಿಸಿಲಿಗೆ ಬೇಗ ಬಳಲುತ್ತದೆ ಎಂಬ ಕಾಣ್ಕೆಯುಂಟು. ಮುಂದೆ ಬರ್ಮಾದ ಪಶುವೈದ್ಯ ಜಿ.ಎಚ್. ಇವಾನ್ಸ್ ಆನೆಗಳ ರೋಗಗಳ ಮೇಲೆ ಬರೆದ ಕೈಪಿಡಿ 1910ರಲ್ಲಿ ರಂಗೂನಿನಲ್ಲಿ ಅಚ್ಚಾಯಿತು. ಅಮೆರಿಕದ ಫ್ರಾನ್ಸಿಸ್ ಬೆನೆಡಿಕ್ಟ್ 1936ರ ತಮ್ಮ ಗ್ರಂಥಕ್ಕಾಗಿ ಇನ್ನೊಂದು ದಾರಿಯನ್ನೂ ಹಿಡಿದರು. ಆಗತಾನೆ ಬಿದ್ದ ಲದ್ದಿಯ ಉಂಡೆಯ ನಡುವೆ ಉಷ್ಣಮಾಪಕವಿಟ್ಟರೆ ಆನೆಯನ್ನು ಮುಟ್ಟದೆಯೇ ಅದರ ಒಡಲಿನ ಬಿಸಿ ತಿಳಿಯುತ್ತದೆ. ಮೂಗು ಮುಚ್ಚಿಕೊಳ್ಳುವವರಿಗೆ ಈ ವಿಜ್ಞಾನ ಒಲಿಯದು. ಹೀಗೆಲ್ಲ ದೊರೆತ ಉತ್ತರ ಸುಮಾರು 36 ಡಿಗ್ರಿ ಸೆಲ್ಸಿಯಸ್. ನಮ್ಮದಕ್ಕಿಂತ ತುಸು ಕಡಿಮೆ.

ಆದರೆ ಒಂದು ಅಂಕಿ ಸಾಲದೆಂದು ತೋರಿಸಿದ್ದು ಒಂಟೆ. 1950ರ ದಶಕದಲ್ಲಿ ಕ್ನುಟ್ ಶ್ಮಿಟ್-ನೀಲ್ಸನ್ ಸಹರಾದಲ್ಲಿ ನೀರು ಕುಡಿಯದ ಒಂಟೆಗಳ ಮೈಬಿಸಿಯನ್ನು ಅಳೆದರು. ಬೆಳಗಿನ ಜಾವ ಅದು 34 ಡಿಗ್ರಿಗೆ ಇಳಿದು, ಮಧ್ಯಾಹ್ನದ ಹೊತ್ತಿಗೆ 40 ದಾಟುತ್ತಿತ್ತು. ಅದು ಜ್ವರವಲ್ಲ, ಹಗಲಿನ ಬಿಸಿಯನ್ನು ಒಡಲಲ್ಲಿ ಕೂಡಿಟ್ಟು, ಬೆವರಿಗೆ ಹೋಗಬೇಕಾದ ನೀರನ್ನು ಉಳಿಸಿ, ರಾತ್ರಿ ಆ ಸಾಲವನ್ನು ತೀರಿಸುವ ವ್ಯವಹಾರ. ಆನೆಯೂ ಇದನ್ನು ಸ್ವಲ್ಪಮಟ್ಟಿಗೆ ಮಾಡುತ್ತದೆಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ವೈಸೆನ್‌ಬೋಕ್ ಮತ್ತು ಸಂಗಡಿಗರು ಥಾಯ್ಲೆಂಡಿನ ಆನೆಗಳಿಗೂ ಜರ್ಮನಿಯ ಮ್ಯೂನಿಕ್ ಮೃಗಾಲಯದ ಆನೆಗಳಿಗೂ ಬಿಸಿಯನ್ನು ದಾಖಲಿಸುವ ಪುಟ್ಟ ಸಾಧನವನ್ನು ನುಂಗಿಸಿದರು. ಸರಾಸರಿ ಬಿಸಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ದಿನದ ಏರಿಳಿತ ಮಾತ್ರ ಮ್ಯೂನಿಕ್‌ನಲ್ಲಿ ಅರ್ಧ ಡಿಗ್ರಿಯ ಆಸುಪಾಸು, ಥಾಯ್ಲೆಂಡಿನಲ್ಲಿ ಒಂದು ಡಿಗ್ರಿಗೂ ಹೆಚ್ಚು. ಬಿಸಿನಾಡಿನ ಆನೆ ರಾತ್ರಿ ಹೆಚ್ಚು ತಣಿದು, ಹಗಲಿಗಾಗಿ ಜಾಗ ಮಾಡಿಕೊಳ್ಳುತ್ತದೆ.

ಇದರಿಂದ ಒಂದು ಮಾತು ಹೊರಡುತ್ತದೆ. ಆನೆಗೆ ರಾತ್ರಿಯ ತಂಪು ಒಂದು ಹಕ್ಕು. ರಾತ್ರಿ ತಣಿಯದ ಕೊಟ್ಟಿಗೆಯಲ್ಲಿ ಕಟ್ಟಿದ ಆನೆ ಸಾಲ ತೀರಿಸದೆಯೇ ಮರುದಿನಕ್ಕೆ ಕಾಲಿಡುತ್ತದೆ. ಅರಿವಳಿಕೆಯ ಚುಚ್ಚುಮದ್ದಿನಿಂದ ಮಲಗಿದ ಕಾಡಾನೆಯ ಪಾಡು ಇನ್ನೂ ಕಷ್ಟ. ಕಿವಿ ಬೀಸುವ, ನೆರಳು ಹುಡುಕುವ ಸ್ವಾತಂತ್ರ್ಯ ಅದಕ್ಕಿಲ್ಲ. ಆದ್ದರಿಂದಲೇ ವೈದ್ಯರು ಉರಿಬಿಸಿಲಿನ ಹೊತ್ತನ್ನು ತಪ್ಪಿಸುತ್ತಾರೆ, ಗುದದ್ವಾರದಲ್ಲಿ ಉಷ್ಣಮಾಪಕವಿಟ್ಟು ನೋಡುತ್ತಲೇ ಕಿವಿಗೂ ಮೈಗೂ ನೀರೆರೆಸುತ್ತಾರೆ. ಕೌಟಿಲ್ಯನ ಬೇಸಿಗೆಯ ವಿಧಿ ಇಲ್ಲಿಗೆ ತಿರುಗಿಬಿದ್ದಿದೆ. ಸ್ನಾನದ ವಿಧಿ ಮಾತ್ರ ಉಳಿದಿದೆ.

ಸರ್ಕಾರಿ ನೌಕರ ಊರು ಬದಲಿಸಿದಾಗ ಅವನ ಸೇವಾ ಪುಸ್ತಕ ಹಿಂದೆಯೇ ಬರುತ್ತದೆ. ರಜೆ, ಬಡ್ತಿ ಎಲ್ಲವೂ ಅದರಲ್ಲಿ. ಗಡಿ ದಾಟುವ ಆನೆಗೂ ಅಂಥದೊಂದು ಪುಸ್ತಕವಿರಲಿ: ತವರಿನ ಶಿಬಿರದಲ್ಲಿ ಮುಂಜಾನೆ ಎಷ್ಟು ಡಿಗ್ರಿ, ಇಳಿಹೊತ್ತಿನಲ್ಲಿ ಎಷ್ಟು, ಯಾವ ತಿಂಗಳಲ್ಲಿ ಎಷ್ಟು. ಹೊಸ ನಾಡಿನ ವೈದ್ಯರು ನಡುಮಧ್ಯಾಹ್ನ ಕಂಡ ಒಂದು ಅಂಕಿ ಜ್ವರವೋ, ಆ ಆನೆಯ ಎಂದಿನ ಏರಿಳಿತವೋ ಎಂದು ತೀರ್ಮಾನಿಸುವುದು ಆ ಹಳೆಯ ಪುಟಗಳಿಂದಲೇ. ಪುಸ್ತಕದಲ್ಲಿ ಬರೆಯಲಾಗದ್ದನ್ನು ಮಾವುತ, ಕಾವಾಡಿಗಳು ಬಲ್ಲರು. ಉಗುರಿನ ಬಳಿಯ ತೇವವನ್ನು ಬೆರಳಿನಿಂದ ಮುಟ್ಟಿ ನೋಡುವ ಆ ಕೈಯನ್ನೂ, ಅಳೆದು ಬರೆದಿಡುವ ಈ ಕೈಯನ್ನೂ ಆನೆಯ ಪಕ್ಕದಲ್ಲಿ ಒಟ್ಟಿಗೆ ನಿಲ್ಲಿಸಿದರೆ, ಹೊರನಾಡಿಗೆ ಹೋದ ಆ ನಾಲ್ವರು ಕನ್ನಡಿಗರು ಕ್ಷೇಮವಾಗಿರುತ್ತಾರೆ.